ಏರಿದ ಒತ್ತಡ, ನಿಂತ ಹರಿವು

‘ಇನ್ನು ರಕ್ತದಾನವೇ ಬೇಡವಂತೆ, ಜಪಾನಿನವರು ಕೃತಕ ರಕ್ತ ಕಂಡುಹಿಡಿದಿದ್ದಾರಂತೆ’ ಎಂದು ಕೊಪ್ಪಿಕರ ರಸ್ತೆಯ ಚಹಾದಂಗಡಿಯಲ್ಲಿ ಗೆಳೆಯರೊಬ್ಬರು ವಾದಿಸುತ್ತಿದ್ದರು. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಇದೇ ಭರವಸೆಯನ್ನು ಜಗತ್ತು ಹಿಂದೆಯೂ ಕೇಳಿದೆ, ಅದಕ್ಕೆ ಬೆಲೆ ತೆತ್ತವರು ರೋಗಿಗಳು.

ಹಿಮೋಗ್ಲೋಬಿನ್ ಕೆಂಪು ರಕ್ತಕಣದ ಗೋಡೆಯೊಳಗೆ ಇರಬೇಕಾದ ವಸ್ತು. ಅದನ್ನು ಹೊರತೆಗೆದು ಬರಿದಾಗಿ ರಕ್ತನಾಳಕ್ಕೆ ಬಿಟ್ಟರೆ, ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಅದು ಹೀರಿಬಿಡುತ್ತದೆ. ನಾಳ ಸಂಕುಚಿಸುತ್ತದೆ, ಬಿಪಿ ಏರುತ್ತದೆ. ನಮ್ಮೂರಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ: ಪೈಪಿನ ಬಾಯಿ ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಕೊಡ ಮಾತ್ರ ಬೇಗ ತುಂಬುವುದಿಲ್ಲ.

ಒತ್ತಡ ಏರುವುದು ಆಘಾತದಲ್ಲಿರುವ ಗಾಯಾಳುವಿಗೆ ಒಳ್ಳೆಯದೇ ಎಂಬ ವಾದವೂ ಇತ್ತು! ಬ್ಯಾಕ್ಸ್‌ಟರ್ ಕಂಪನಿಯ ಹೆಮ್‌ಅಸಿಸ್ಟ್ ಪ್ರಯೋಗ 1998ರಲ್ಲಿ ಅರ್ಧಕ್ಕೇ ನಿಂತಿತು. ಅದನ್ನು ಪಡೆದ 52 ಗಾಯಾಳುಗಳಲ್ಲಿ 24 ಮಂದಿ ಸತ್ತಿದ್ದರು. ಬರೀ ಸಲೈನ್ ಪಡೆದ 46ರಲ್ಲಿ ಸತ್ತವರು 8. ಇಷ್ಟಾದರೂ 2003ರಿಂದ 2006ರವರೆಗೆ ಅಮೆರಿಕದಲ್ಲಿ ಪಾಲಿಹೀಮ್ ಎಂಬ ಇನ್ನೊಂದು ದ್ರವವನ್ನು 700ಕ್ಕೂ ಹೆಚ್ಚು ಗಾಯಾಳುಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ಅವರ ಒಪ್ಪಿಗೆ ಕೇಳಲಿಲ್ಲ. ಬೇಡವೆನ್ನುವವರು ಮೊದಲೇ ಕೈಗೆ ನೀಲಿ ಪಟ್ಟಿ ಕಟ್ಟಿಕೊಂಡಿರಬೇಕಿತ್ತು. ಮನೆಯಿಂದ ಹೊರಡುವಾಗ ಅಪಘಾತಕ್ಕೆ ಸಿದ್ಧವಾಗಿ ಹೊರಡುವವರು ಯಾರು?

2008ರಲ್ಲಿ ಚಾರ್ಲ್ಸ್ ನಟಾನ್ಸನ್ ಮತ್ತು ಸಂಗಡಿಗರು ಐದು ಉತ್ಪನ್ನಗಳ 16 ಪ್ರಯೋಗಗಳನ್ನು ಕೂಡಿಸಿ ನೋಡಿದರು. ಸಾವಿನ ಅಪಾಯ ಶೇ. 30ರಷ್ಟು ಹೆಚ್ಚು, ಹೃದಯಾಘಾತದ್ದು ಎರಡೂವರೆ ಪಟ್ಟು ಮೀರಿತ್ತು. 2000ದಲ್ಲೇ ಕೂಡಿಸಿದ್ದರೆ ಅಪಾಯ ಆಗಲೇ ಕಾಣುತ್ತಿತ್ತು ಎಂಬುದು ಅವರ ಆರೋಪ. ಪ್ರಯೋಗಗಳು ಒಂದೇ ಬಗೆಯವಲ್ಲ ಎಂದು ತಯಾರಕರು ಆಕ್ಷೇಪಿಸಿದರು. ಇರಲಿ, ಫಲಿತಾಂಶಗಳನ್ನು ಸಕಾಲಕ್ಕೆ ಪ್ರಕಟಿಸದವರು ಯಾರು?

(2001ರಲ್ಲಿ ದಕ್ಷಿಣ ಆಫ್ರಿಕಾ ಒಪ್ಪಿದ ಹೆಮೊಪ್ಯೂರ್ ಹಸುವಿನ ರಕ್ತದಿಂದ ಮಾಡಿದ್ದು. ನಮ್ಮಲ್ಲಿಗೆ ಬಂದರೆ ಧರ್ಮದ ಜಗಳ ಎರಡೂ ಕಡೆಯಿಂದ ಏಳುತ್ತದೆ. ಹೃದಯದ ನಾಳದ ಪ್ರಶ್ನೆ ಯಾರಿಗೂ ನೆನಪಾಗಲಿಕ್ಕಿಲ್ಲ.)

ನಾಳ ಬಿಗಿದರೆ ಸಡಿಲಿಸುವ ಮದ್ದು ಕೊಟ್ಟರಾಯಿತಲ್ಲ ಎನ್ನುತ್ತಾರೆ. ಮೊದಲೇ ನೈಟ್ರಿಕ್ ಆಕ್ಸೈಡ್ ಉಸಿರಾಡಿಸಿದಾಗ ಇಲಿ, ಕುರಿಗಳಲ್ಲಿ ಒತ್ತಡ ಏರಲಿಲ್ಲ, ನಿಜ. ಆದರೆ 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಬಳಿ ದಾವಣಗೆರೆಯ ಮಹಿಳೆಯರಿದ್ದ ವಾಹನಕ್ಕೆ ಆದಂಥ ಅಪಘಾತದಲ್ಲಿ, ರಸ್ತೆ ಬದಿಯಲ್ಲಿ ಆ ಅನಿಲದ ಸಲಕರಣೆ ಎಲ್ಲಿಂದ ತರುವುದು? ರಕ್ತ ಸೋರುತ್ತಿರುವವನಿಗೆ ನೈಟ್ರೋಗ್ಲಿಸರಿನ್ ಕೊಟ್ಟು ಒತ್ತಡ ಇಳಿಸುವುದು ಇನ್ನೊಂದು ಗಂಡಾಂತರ. ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದವರು ಹಿಮೋಗ್ಲೋಬಿನನ್ನು ಕೊಬ್ಬಿನ ಸೂಕ್ಷ್ಮ ಚೀಲದೊಳಗೆ ಮತ್ತೆ ಮುಚ್ಚಿಡುತ್ತಿರುವುದು ಇದಕ್ಕೇ. ಅದು ಸರಿಯಾದ ದಾರಿ, ಆದರೆ ಇನ್ನೂ ಪ್ರಯೋಗದ ದಾರಿ.

ಅಲ್ಲಿಯವರೆಗೆ ಹುಬ್ಬಳ್ಳಿಯ ಕಿಮ್ಸ್‌ಗೆ ರಕ್ತ ಬರಬೇಕಾದದ್ದು ನಮ್ಮ ತೋಳುಗಳಿಂದಲೇ. ಮುಂದೊಂದು ದಿನ ಕೃತಕ ರಕ್ತ ಇಲ್ಲಿಗೆ ಪ್ರಯೋಗಕ್ಕೆ ಬಂದರೆ, ನಮ್ಮ ನೈತಿಕ ಸಮಿತಿಗಳು ಬಿಪಿ ಎಷ್ಟು ಏರಿತೆಂದು ಕೇಳಿ ಸುಮ್ಮನಾಗಬಾರದು. ಹಿಂದಿನ ಪ್ರಯೋಗಗಳಲ್ಲಿ ಎಷ್ಟು ಮಂದಿ ಸತ್ತರು, ಎಷ್ಟು ಮಂದಿಗೆ ಹೃದಯಾಘಾತವಾಯಿತು, ಆ ಲೆಕ್ಕ ಎಲ್ಲಿ ಪ್ರಕಟವಾಗಿದೆ ಎಂದು ಕೇಳಲಿ.