ಕೆರೆಗೆ ಬೆಂಕಿ ಬಿದ್ದರೂ ತಾವರೆಯೇ ಅರಳಬೇಕು!

ಹೋದ ಭಾನುವಾರದಿಂದ ತಲೆಯೊಳಗೆ ಕೊರೀತಾ ಇರೋ ವಿಷಯ ಇದು. ಬರೆದು ಹಾಕದಿದ್ದರೆ ಸಮಾಧಾನವಿಲ್ಲ.

ಬೆಳ್ಳಂದೂರಿನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿವೆ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಗೆಳೆಯರು ಅಲ್ಲಿನ ಮಕ್ಕಳಿಗೆ ಹೋಂವರ್ಕ್ ಮಾಡಿಸುತ್ತೇವೆ. ಮೊನ್ನೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕನ್ನಡ ನೋಟ್‌ಬುಕ್ ತಂದು ಮುಂದಿಟ್ಟಳು. ಪ್ರಬಂಧದ ವಿಷಯ ‘ನಮ್ಮ ಊರಿನ ಕೆರೆ’. ಅವಳು ಬರೆದಿದ್ದು ಇಷ್ಟು:

“ನಮ್ಮ ಮನಿ ಹಿಂದ ದೊಡ್ಡ ಕೆರಿ ಅದ. ವಾಸನಿ ಬರ್ತದ. ನಮ್ಮವ್ವ ಮೂಗಿಗಿ ಸೆರಗು ಮುಚ್ಕೊಂಡು ಕೆಲಸಕ್ಕ ಹೋಗ್ತಾಳ. ಈ ಕೆರಿಗಿ ಬೆಂಕಿ ಹತ್ತಿತ್ತಂತ. ನೀರಿಗಿ ಬೆಂಕಿ ಹೆಂಗ ಹತ್ತತದ? ನಮ್ಮೂರ ಕೆರಿಗಿ ಹಂಗ ಆಗಲ್ಲ. ಯಾಕಂದ್ರ ಅದ್ರಾಗ ನೀರೇ ಇಲ್ಲ.”

ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಇಡೀ ಪುಟದ ಮೇಲೆ ಅಡ್ಡಲಾಗಿ ಕೆಂಪು ಗೆರೆ. ಕೆಳಗೆ ‘ವಿಷಯಾಂತರ. ಗ್ರಾಂಥಿಕ ಭಾಷೆಯಲ್ಲಿ ಬರೆ’. ಹತ್ತಕ್ಕೆ ಎರಡು. ಪಕ್ಕದ ಪುಟದಲ್ಲಿ ಗೈಡಿನಿಂದ ಮೂರು ಸಲ ನಕಲು ಮಾಡಿಸಿದ್ದಾರೆ: ‘ನಮ್ಮ ಊರಿನ ಕೆರೆಯು ಬಹಳ ಸುಂದರವಾಗಿದೆ. ಅದರಲ್ಲಿ ತಾವರೆಗಳು ಅರಳಿ ನೋಡುಗರ ಮನಸ್ಸನ್ನು ಸೆಳೆಯುತ್ತವೆ.’

ತಾವರೆ! ಬೆಳ್ಳಂದೂರು ಕೆರೆಯಲ್ಲಿ!

ಆ ಹುಡುಗಿ ಬರೆದದ್ದರಲ್ಲಿ ಸುಳ್ಳೇನಿದೆ ಸ್ವಾಮಿ? ಬೆಂಗಳೂರಿನ ಅತಿ ದೊಡ್ಡ ಕೆರೆ ಇದು. ದಶಕಗಳ ಕಾಲ ಊರಿನ ಕೊಳಚೆ ನೀರು ಬಂದು ಬಿತ್ತು. ಡಿಟರ್ಜೆಂಟಿನ ನೊರೆ ಎದ್ದು ರಸ್ತೆಗೆ ಹಾರಿತು. ಫೆಬ್ರವರಿ 2017ರಲ್ಲಿ ಬೆಂಕಿ ಬಿತ್ತು, ಜನವರಿ 2018ರಲ್ಲಿ ಮತ್ತೆ ಬಿತ್ತು, ಆರಿಸಲು ಸೈನಿಕರು ಬರಬೇಕಾಯಿತು. ಪ್ರಪಂಚದ ಪತ್ರಿಕೆಗಳೆಲ್ಲ ಬರೆದ ಸುದ್ದಿ ಕೆರೆಯ ದಂಡೆಯಲ್ಲೇ ಇರುವ ಮಗು ಬರೆದರೆ ‘ವಿಷಯಾಂತರ’ ಆಗುತ್ತದೆ.

ಟೀಚರನ್ನು ಬೈಯೋದು ಸುಲಭ. ಆದರೆ ನೀವೂ ನಾನೂ ಕಲಿತದ್ದು ಇದನ್ನೇ ಅಲ್ಲವೇ? ಗಾದೆ ವಿಸ್ತರಿಸಿ ಅಂದರೆ, ಗಾದೆ ಯಾವುದೇ ಇರಲಿ, ‘ಗಾದೆಗಳು ವೇದಗಳಿಗೆ ಸಮಾನ’ ಅಂತಲೇ ಶುರು. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪತ್ರಕ್ಕೆ ಮೊದಲು ಕ್ಷೇಮ, ಆಮೇಲೆ ಪ್ರವಾಸಕ್ಕೆ ದುಡ್ಡು. ಬರೆದವನ ಹೆಸರು ‘ಕ.ಖ.ಗ.’! ಪರೀಕ್ಷೆಯಲ್ಲಿ ಸ್ವಂತ ಹೆಸರು ಬರೆಯಬಾರದು ಸರಿ, ಗುರುತು ಸಿಗಬಾರದು. ಆದರೆ ಹೆಸರಿನ ಜೊತೆಗೆ ಬರೆಯುವವನೂ ಮಾಯವಾಗಿಬಿಟ್ಟ. ನಾನೂ ಹಾಗೆ ಬರೆದು ಒಳ್ಳೇ ಅಂಕ ತೆಗೆದವನೇ. ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ ಸರ್ವರ್ ಕೈಕೊಟ್ಟಾಗ ರಿಪೋರ್ಟ್ ಬರೆಯಲು ಹೇಳಿದರು. ಎರಡು ಪುಟ ಬರೆದೆ. ಸೀನಿಯರ್ ಓದಿ ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಾ ಸರಿ, ಆಗಿದ್ದೇನು?” ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಬರೆದಿದ್ದೆ :)

ಇನ್ನು ಭಾಷೆಯ ಮಾತು. ಧಾರವಾಡದ ಮಾತನ್ನೇ ಕಾವ್ಯ ಮಾಡಿದ ಬೇಂದ್ರೆಗೆ 1973ರ ಜ್ಞಾನಪೀಠ ಬಂದಾಗ ಹೆಮ್ಮೆ ಪಟ್ಟೆವು. ತಮ್ಮ ಸೀಮೆಯ ಆಡುನುಡಿಯಲ್ಲೇ ‘ಕುಸುಮಬಾಲೆ’ ಬರೆದ ದೇವನೂರರಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅಷ್ಟೇ. ದೊಡ್ಡವರು ಬರೆದರೆ ದೇಸಿ ಸೊಗಡು, ಯಾದಗಿರಿಯ ಮಗು ‘ನಮ್ಮವ್ವ’ ಅಂದರೆ ತಪ್ಪು ಕನ್ನಡ! ಗ್ರಾಂಥಿಕ ಭಾಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಜಿ ಬರೆಯಲು, ಪುಸ್ತಕ ಓದಲು ಅದು ಬೇಕೇ ಬೇಕು. ಆದರೆ ಇರುವ ಮಾತನ್ನು ಕಿತ್ತುಹಾಕಿ ಕಲಿಸುವುದು ಬೇರೆ, ಅದರ ಪಕ್ಕದಲ್ಲಿಟ್ಟು ಕಲಿಸುವುದು ಬೇರೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು, ಕಂಠಪಾಠ ಬಿಡಬೇಕು ಅಂತ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿತ್ತು. ಹೇಳಿದ್ದು ಕಾಗದದಲ್ಲೇ ಉಳಿಯಿತು.

‘ಬರವಣಿಗೆ ಹುಟ್ಟಿನಿಂದ ಬರಬೇಕು ಕಣ್ರೀ, ಕಲಿಸೋಕಾಗಲ್ಲ’ ಅಂತ ನಮ್ಮಲ್ಲೇ ಬಹಳ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಸಂಗೀತಕ್ಕೆ ಗುರು ಬೇಕು. ತಾಳಮದ್ದಲೆಯಲ್ಲಿ ನಿಂತ ನಿಲುವಿನಲ್ಲೇ ಮಾತು ಕಟ್ಟುವ ಅರ್ಥಧಾರಿಯೂ ಹಿರಿಯರ ಪಕ್ಕ ಕೂತು, ಕೇಳಿ, ಎಡವಿ ಕಲಿತವನೇ. ಬರವಣಿಗೆಗೆ ಮಾತ್ರ ಯಾಕೆ ಈ ವಿನಾಯಿತಿ? ಕಲಿಸದೇ ಇರುವುದಕ್ಕೆ ಇದೊಂದು ಅನುಕೂಲದ ನೆಪ, ಅಷ್ಟೇ.

ಕಲಿಸಬಹುದು ಅನ್ನೋದಕ್ಕೆ ಇಟಲಿಯ ಬಾರ್ಬಿಯಾನ ಸಾಕ್ಷಿ. ಫ್ಲಾರೆನ್ಸ್ ಹತ್ತಿರದ ಬೆಟ್ಟದ ಹಳ್ಳಿ. ಅಲ್ಲಿ ಡಾನ್ ಮಿಲಾನಿ ಎಂಬ ಪಾದ್ರಿ ಬಡ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಎಂಟು ಹುಡುಗರು ಸೇರಿ, ತಮ್ಮಂಥವರನ್ನು ಫೇಲು ಮಾಡುವ ಶಾಲೆಗಳ ಮೇಲೆ ಬರೆದ ಪುಸ್ತಕ 1967ರಲ್ಲಿ ಹೊರಬಂತು. ಶಿಕ್ಷಕಿಯೊಬ್ಬರಿಗೆ ಬರೆದ ಪತ್ರದ ರೂಪದಲ್ಲಿದೆ. ಅವರ ವಿಧಾನ ಸರಳ. ಹೊಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆಯಬೇಕು, ಒಂದು ಚೀಟಿಗೆ ಒಂದೇ ವಿಚಾರ. ಆಮೇಲೆ ಎಲ್ಲರ ಚೀಟಿ ಹರಡಿ ಗುಂಪು ಮಾಡಬೇಕು, ಎರಡೆರಡು ಸಲ ಬಂದದ್ದನ್ನು ತೆಗೆಯಬೇಕು, ಗುಂಪುಗಳನ್ನು ಅಧ್ಯಾಯ ಮಾಡಬೇಕು. ಕೊನೆಗೆ ಒಟ್ಟಿಗೆ ಓದುತ್ತಾ ಬೇಡದ ಮಾತು ಹೊಡೆದುಹಾಕಬೇಕು. ಪ್ರತಿಭೆ ಇದ್ದವನು ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮ ಕೆಲಸದಲ್ಲಿ ಇದು ಹೊಸತೇನಲ್ಲ. ಹತ್ತು ಸಾಲು ಕೋಡ್ ಬರೆದರೂ ಇನ್ನೊಬ್ಬ ನೋಡುತ್ತಾನೆ, ತಿದ್ದುತ್ತೇವೆ, ಮತ್ತೆ ತೋರಿಸುತ್ತೇವೆ. ಶಾಲೆಯ ಪ್ರಬಂಧಕ್ಕೆ ಮಾತ್ರ ಒಂದೇ ಅವಕಾಶ. ಬರೆ, ಅಂಕ ತಗೋ, ಮುಚ್ಚಿಡು. ಎರಡನೇ ಕರಡು ಅನ್ನುವುದೇ ನಮ್ಮ ತರಗತಿಗಳಲ್ಲಿಲ್ಲ. ನನ್ನ ಜಗಳ ಇರುವುದು ಇದರ ಮೇಲೆ.

‘ನಲವತ್ತು ಮಕ್ಕಳಿದ್ದಾರೆ, ಟೈಮೆಲ್ಲಿ?’ ಅಂತೀರಾ? ಲೆಕ್ಕ ಹಾಕೋಣ. ವರ್ಷಕ್ಕೆ ಹತ್ತು ಪ್ರಬಂಧ ಅಂದರೆ ತಿದ್ದಬೇಕಾದದ್ದು 400. ಅದರ ಬದಲು ನಾಲ್ಕೇ ವಿಷಯ, ಪ್ರತಿಯೊಂದೂ ಎರಡು ಸಲ: 320. ಕೆಲಸ ಕಡಿಮೆಯೇ ಆಯಿತು! ಮೊದಲ ಸಲ ಕಾಗುಣಿತ ಮುಟ್ಟಬೇಡಿ, ‘ಬೆಂಕಿ ಹೆಂಗ ಹತ್ತಿತು ಅಂತ ಯಾರನ್ನಾದರೂ ಕೇಳಿದೆಯಾ?’ ಅಂತ ಒಂದು ಪ್ರಶ್ನೆ ಬರೆಯಿರಿ ಸಾಕು. ಎರಡನೇ ಸಲ ಕಾಗುಣಿತ, ಭಾಷೆ, ಅಂಕ ಎಲ್ಲ ನೋಡಿ. ಒಳ್ಳೆಯದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಗೋಡೆ ಪತ್ರಿಕೆಗೆ ಅಂಟಿಸಿ. ದುಡ್ಡೂ ಬೇಡ, ತರಬೇತಿ ಶಿಬಿರವೂ ಬೇಡ.

ಇವತ್ತಿಗಂತೂ ಇದು ತುರ್ತು. ತಾವರೆ ಅರಳಿಸುವ ಪ್ರಬಂಧ ಬೇಕಿದ್ದರೆ ಚಾಟ್‌ಜಿಪಿಟಿ ಅರ್ಧ ನಿಮಿಷದಲ್ಲಿ ಕೊಡುತ್ತದೆ. ಅವ್ವ ಸೆರಗು ಮುಚ್ಚಿಕೊಂಡು ಹೋಗುವುದನ್ನು ಅದು ನೋಡಿಲ್ಲ. ನೋಡಿದ ಮಗುವಿಗೆ ನಾವು ಎರಡು ಅಂಕ ಕೊಡುತ್ತಿದ್ದೇವೆ.

“ಚಲೋ ಬರ್ದಿ,” ಅಂದೆ ಹುಡುಗಿಗೆ. ಅವಳು ನಗಲಿಲ್ಲ. “ಇಲ್ಲಣ್ಣಾ, ಇನ್ನ ಮ್ಯಾಲ ಗೈಡ್ ನೋಡೇ ಬರೀತೀನಿ,” ಅಂದಳು. ನನಗೆ ಕೊರೀತಾ ಇರೋದು ಆ ಮಾತು. ಹನ್ನೊಂದು ವರ್ಷಕ್ಕೇ ಅವಳು ಪಾಠ ಕಲಿತುಬಿಟ್ಟಿದ್ದಾಳೆ: ಕಂಡದ್ದನ್ನು ಬರೆಯಬಾರದು.

ಬರುವ ಭಾನುವಾರ ಶೆಡ್ಡಿಗೆ ಚೀಟಿಗಳ ಕಟ್ಟು ತಗೊಂಡು ಹೋಗ್ತಿದ್ದೇನೆ. ವಿಷಯ ಮತ್ತೆ ‘ಕೆರೆ’ಯೇ. ನಿಮ್ಮ ಯಾವ ಸಾಲಿನ ಮೇಲೆ ಕೆಂಪು ಗೆರೆ ಬಿದ್ದಿತ್ತು? ನೆನಪಿದ್ದರೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಈ ಸಲ ಪೀಠಿಕೆ ಬೇಡ.