ರಜೆ ಡೈರಿ, ಭಾಗ 4: ವೈನ್‌ಗೆ ಟಿಕೆಟ್, ಕಳ್ಳಿಗೆ ನಾಚಿಕೆ?

ಮೊದಲ ಫೋಟೋ ನೋಡಿ ತಪ್ಪು ತಿಳ್ಕೊಬೇಡಿ ಮಾರಾಯ್ರೆ. ಗ್ಲಾಸ್ ನನ್ನದಲ್ಲ, ದೊಡ್ಡಮ್ಮನ ಮಗಳದ್ದು. ನನಗೆ ಇನ್ನೂ 20. ನಾನು ಮೂಸಿ ನೋಡಿದ್ದು ಮಾತ್ರ.

ಸೆಮಿಸ್ಟರ್ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದೆ. ಅಕ್ಕ ವೈನ್ ಟೂರ್ ಬುಕ್ ಮಾಡಿದ್ಲು. ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ಬುಡದಲ್ಲಿ. ಅಲ್ಲಿ ವೈನ್ ದ್ರಾಕ್ಷಿಗೆ ದಾರಿ ಹಾಕಿದ್ದು ಕನ್ವಲ್ ಗ್ರೋವರ್ ಎಂಬವರು. ಫ್ರಾನ್ಸಿನ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ಸಹಾಯ ಪಡೆದು 1988ರಲ್ಲಿ ಕಂಪೆನಿ ಕಟ್ಟಿದರು. ಫ್ರೆಂಚ್ ತಳಿ, ನಮ್ಮ ಕೆಂಪು ಮಣ್ಣು.

(ಸ್ವೈಪ್ ಮಾಡಿ, ಎರಡನೇ ಫೋಟೋ.) ಸಾಲು ಸಾಲು ಬಳ್ಳಿ, ಆಮೇಲೆ ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ. ಕೊನೆಗೆ ಮೇಜಿನ ಮೇಲೆ ಚೀಸ್ ತುಂಡು, ಗ್ಲಾಸಿನ ತಳದಲ್ಲಿ ಎರಡು ಗುಟುಕು ವೈನ್. ತೋರಿಸುತ್ತಿದ್ದವರು ಹೇಳಿದ್ರು: “ಹಗಲು ಬಿಸಿಲು, ರಾತ್ರಿ ತಂಪು. ಅದಕ್ಕೇ ಈ ರುಚಿ. ಇದು ಈ ಜಾಗದ ರುಚಿ.” ಎಲ್ಲರೂ ಗ್ಲಾಸ್ ತಿರುಗಿಸಿ ತಲೆ ಆಡಿಸಿದ್ರು.

ನನಗೆ ಅಲ್ಲಿ ನೆನಪಾದದ್ದು ನನ್ನ ಅಜ್ಜ.

ಅಜ್ಜ ಮೂರ್ತೆ ಮಾಡ್ತಿದ್ರು. ಅಂದ್ರೆ ಕಳ್ಳು ಇಳಿಸುವ ಕೆಲಸ. ಅರಳದ ತೆಂಗಿನ ಹೊಂಬಾಳೆಯನ್ನು ಕಟ್ಟಿ, ದಿನಗಟ್ಟಲೆ ಮೆಲ್ಲ ತಟ್ಟಿ, ತುದಿಯನ್ನು ಕತ್ತಿಯಿಂದ ತೆಳ್ಳಗೆ ಕೊಯ್ದು ಮಡಕೆ ಕಟ್ಟಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಬೇಕು. ಒಂದು ಗುಟುಕು ಬಾಯಿಗೆ ಹಾಕಿ ಯಾವ ಮರದ್ದು ಅಂತ ಹೇಳ್ತಿದ್ರು. ಹೊಳೆ ಬದಿಯ ಮರ, ಗುಡ್ಡೆಯ ಮರ ಬೇರೆ ಬೇರೆ ಅಂತೆ. “ಜಾಗದ ರುಚಿ” ಅನ್ನುವ ಮಾತು ಅಜ್ಜನಿಗೆ ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು.

ಮತ್ತೆ ನಾನು? ಹೈಸ್ಕೂಲಲ್ಲಿ ಟೀಚರ್ ಕೇಳಿದಾಗ “ಅಜ್ಜ ಕೃಷಿ” ಅಂದಿದ್ದೆ.

ಹಾಗಾಗಿ ಇವತ್ತಿನ ನನ್ನ ವಾದ ಇಷ್ಟೆ: ದ್ರಾಕ್ಷಿಗೆ ಕೊಟ್ಟ ಮರ್ಯಾದೆಯನ್ನು ಕಳ್ಳಿಗೂ ಕೊಡಿ. ಫ್ರಾನ್ಸಿನ ಶಾಂಪೇನ್‌ನ ಗುಡ್ಡ, ನೆಲಮಾಳಿಗೆಗಳು 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅದು ದೂರ ಆಯ್ತಾ? ಪಕ್ಕದ ಗೋವಾ ನೋಡಿ. 2009ರಲ್ಲೇ ಫೆನಿಗೆ ಜಿಐ ಟ್ಯಾಗ್ ತಂದುಕೊಂಡಿತು. ನಾವು ಮಾತ್ರ ಕಳ್ಳು ಅಂದ ಕೂಡಲೇ ಮೂಗು ಮುಚ್ತೇವೆ. ಅದೇ ಕಳ್ಳು ಹಾಕಿ ಉಬ್ಬಿಸಿದ ಸಣ್ಣವನ್ನು ಹಬ್ಬದ ದಿನ ಕ್ರಿಶ್ಚಿಯನ್ ಫ್ರೆಂಡ್ ಮನೆಯಲ್ಲಿ ಬಫಾತ್ ಜೊತೆ ಹತ್ತು ತಿನ್ನುವಾಗ ಮೂಗು ನೆನಪಾಗುದಿಲ್ಲ.

ಬಿಕಾಂ ತಲೆಯಿಂದ ಒಂದು ಮಾತು. ವೈನ್ ಬಾಟಲಿಯಲ್ಲಿ ಕೂತು ಊರೂರು ಹೋಗ್ತದೆ. ಕಳ್ಳು ಹೋಗುದಿಲ್ಲ. ಇಳಿಸಿದ ಹೊತ್ತಿಂದಲೇ ಹುಳಿ ಏರ್ತದೆ, ಒಂದೆರಡು ದಿನ ಬಿಟ್ಟರೆ ವಿನೆಗರ್ ದಾರಿ ಹಿಡೀತದೆ. ಎಲ್ಲರೂ ಇದನ್ನು ನಷ್ಟ ಅಂತಾರೆ. ನನಗೆ ಇದೇ ಲಾಭ ಅನಿಸ್ತದೆ. ಯಾಕಂದ್ರೆ ರುಚಿ ಬೇಕಾದವರು ಮರದ ಬುಡಕ್ಕೇ ಬರಬೇಕು! ಬಂದವರು ಮೀನು ಫ್ರೈ ತಿಂತಾರೆ, ಓಲೆಬೆಲ್ಲ ಕಟ್ಟಿಸ್ಕೊಳ್ತಾರೆ, ಹೊಳೆ ನೋಡ್ತಾರೆ. ನಮ್ಮ ಕಡೆ ಮೂರ್ತೆದಾರರ ಸಹಕಾರಿ ಸಂಘಗಳು ಈಗಲೂ ಉಂಟು. ಅವರೇ ಮುಂದೆ ನಿಂತು, ಕಾನೂನು ಪ್ರಕಾರ, ಒಂದು ತೋಟದಿಂದ ಶುರು ಮಾಡಬಹುದಲ್ವಾ?

ಈಗ ನೀವು ಕೇಳ್ತೀರಿ, ನಾರಾಯಣ ಗುರುಗಳು ಎಂತ ಹೇಳಿದ್ದು ಅಂತ. ಗೊತ್ತುಂಟು. 1912ರಲ್ಲಿ ಕುದ್ರೋಳಿಯಲ್ಲಿ ದೇವರ ಪ್ರತಿಷ್ಠೆ ಮಾಡಿದ ಗುರುಗಳೇ ಕಳ್ಳು ಇಳಿಸಬೇಡಿ, ಕುಡಿಯಬೇಡಿ ಅಂದವರು. ನಮ್ಮ ಮನೆಯಲ್ಲೂ ಗುರುಗಳ ಫೋಟೋ ಉಂಟು. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ನೋಡಿದ್ದೇನೆ. ಆದರೆ ನಂದಿಬೆಟ್ಟದಲ್ಲಿ ನಾನು ನೋಡಿದ್ದು ಬೇರೆ ಲೆಕ್ಕ: ಎರಡು ಗುಟುಕು, ಎರಡು ಗಂಟೆ ಕಥೆ. ಅಲ್ಲಿ ಜನ ದುಡ್ಡು ಕೊಟ್ಟದ್ದು ಹೆಚ್ಚಾಗಿ ಕಥೆಗೆ. ಹೆಚ್ಚು ಕುಡಿಸಿ ಸಂಪಾದಿಸುವ ವ್ಯಾಪಾರ ಒಂದು, ಕಮ್ಮಿ ಕುಡಿಸಿ ಸಂಪಾದಿಸುವ ವ್ಯಾಪಾರ ಇನ್ನೊಂದು. ನಾನು ಕೇಳ್ತಿರುವುದು ಎರಡನೆಯದ್ದು.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಅಜ್ಜ ಒಂದು ಮಳೆಗಾಲ ಜಾರಿ ಬಿದ್ದರು. ಕಾಲು ಇವತ್ತಿಗೂ ಸರಿ ಇಲ್ಲ. ಆ ದಿನದಿಂದ ಅಪ್ಪನನ್ನು ಮರದ ಹತ್ತಿರ ಬಿಡಲಿಲ್ಲ. ಹಾಗಾಗಿ “ಪರಂಪರೆ ಉಳಿಸಿ” ಅಂತ ಕೆಳಗೆ ನಿಂತು ಹೇಳುವ ಹಕ್ಕು ನನಗಿಲ್ಲ. ಬೆಲ್ಟ್, ವಿಮೆ, ತಿಂಗಳಿಗೆ ಸರಿಯಾದ ಸಂಬಳ ಇಲ್ಲದೆ ಯಾರೂ ಹತ್ತಬಾರದು. ಜಾತಿಯ ಕಾರಣಕ್ಕೂ ಯಾರೂ ಹತ್ತಬಾರದು. ಕಲಿಯಬೇಕು ಅನಿಸಿದವರು, ಯಾವ ಮನೆಯವರಾದರೂ, ಹತ್ತಲಿ. ಟೂರಿನ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು, ಬೋರ್ಡು, ಲೈಟಿಂಗ್ ಆಮೇಲೆ.

(ಕೊನೆಯ ಫೋಟೋ.) ಮನೆಗೆ ಬಂದು ಅಜ್ಜನಿಗೆ ಮೊಬೈಲಲ್ಲಿ ದ್ರಾಕ್ಷಿ ತೋಟ ತೋರಿಸಿದೆ. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದ್ರು. “ನೆಲದ ಮೇಲೆ ನಿಂತೇ ಕೊಯ್ಯುದಾ?” ಅಂತ ಕೇಳಿದ್ರು. ಹೌದು ಅಂದೆ. “ಅದನ್ನು ನೋಡ್ಲಿಕ್ಕೆ ಜನ ದುಡ್ಡು ಕೊಡ್ತಾರಾ?” ಅದಕ್ಕೂ ಹೌದು ಅಂದೆ. ಅಜ್ಜ ನಕ್ಕು ಕಾಲು ಉಜ್ಜಿಕೊಂಡರು.

ಟೀಚರಿಗೆ ಹೇಳಿದ ಉತ್ತರ ಇಲ್ಲಿ ತಿದ್ದುತ್ತಿದ್ದೇನೆ. ನನ್ನ ಅಜ್ಜನ ಕೆಲಸ ಮೂರ್ತೆ.

ನಿಮ್ಮ ಮನೆಯಲ್ಲಿ ನೀವು ಹೆಸರು ಬದಲಿಸಿ ಹೇಳಿದ ಕೆಲಸ ಯಾವುದು? ಕಾಮೆಂಟಲ್ಲಿ ಬರೀರಿ. ಎಲ್ಲವನ್ನೂ ಓದ್ತೇನೆ.

#ರಜೆಡೈರಿ #ಮಂಗಳೂರು #ಮೂರ್ತೆ