ಪಾಠ ಹೇಳುವವರು ವಾರ್ಡಿನಲ್ಲೂ ಇರಲಿ

2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಲೊರೆಟಾ ಫೋರ್ಡ್ ಅವರನ್ನು ‘ನರ್ಸ್ ಪ್ರಾಕ್ಟಿಷನರ್’ ಎಂಬ ವೃತ್ತಿಯನ್ನೇ ಹುಟ್ಟುಹಾಕಿದವರೆಂದು ಎಲ್ಲರೂ ಸ್ಮರಿಸಿದರು. ಆದರೆ ಶಿಕ್ಷಕಿಯಾಗಿ ಅವರು ಮಾಡಿದ ಕೆಲಸವೇ ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಇಂದು ಹೆಚ್ಚು ಬೇಕಾಗಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ನರ್ಸ್ ಆಗಿದ್ದ ಫೋರ್ಡ್, ಆಮೇಲೆ ಕೊಲರಾಡೊದ ಬೋಲ್ಡರ್ ಸುತ್ತಮುತ್ತ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ತಿರುಗಾಡಿದರು. ವೈದ್ಯರು ಸುಲಭಕ್ಕೆ ಸಿಗದ ಊರುಗಳವು. ಮಗುವನ್ನು ಪರೀಕ್ಷಿಸಿ, ಇದಕ್ಕೆ ಮನೆಯಲ್ಲೇ ಆರೈಕೆ ಸಾಕೋ ವೈದ್ಯರೇ ನೋಡಬೇಕೋ ಎಂದು ನರ್ಸೇ ತೀರ್ಮಾನಿಸಬೇಕಾಗುತ್ತಿತ್ತು. ಹೇಗೂ ಮಾಡುತ್ತಿರುವ ಈ ಕೆಲಸಕ್ಕೆ ಸರಿಯಾದ ತರಬೇತಿ ಏಕಿರಬಾರದು ಎಂಬ ಯೋಚನೆಯಿಂದಲೇ 1965ರಲ್ಲಿ ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆಗೂಡಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಆರಂಭಿಸಿದರು. ಅದಕ್ಕೆ ಬಲವಾಗಿ ಅಡ್ಡ ನಿಂತವರಲ್ಲಿ ನರ್ಸಿಂಗ್ ಪ್ರಾಧ್ಯಾಪಕರೇ ಇದ್ದರು ಎಂಬುದನ್ನು ಮರೆಯಬಾರದು.

1972ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಗೆ ಮೊದಲ ಡೀನ್ ಆಗಿ ಹೋದ ಫೋರ್ಡ್, ಕಾಲೇಜು ಮತ್ತು ಆಸ್ಪತ್ರೆಯ ನಡುವಿನ ಗೋಡೆಯನ್ನೇ ಕೆಡವಿದರು. ಡೀನ್ ಆದವರೇ ಆಸ್ಪತ್ರೆಯ ನರ್ಸಿಂಗ್ ವಿಭಾಗಕ್ಕೂ ಮುಖ್ಯಸ್ಥರು. ಪಾಠ, ಆರೈಕೆ, ಸಂಶೋಧನೆ ಮೂರೂ ಒಂದೇ ಆಡಳಿತದಡಿ ಬಂದವು. ಕಲಿಸುವವರ ಕೈಯಲ್ಲಿ ರೋಗಿಗಳ ಹೊಣೆಯೂ ಇತ್ತು.

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೇನೂ ಬರವಿಲ್ಲ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಆದರೆ ಎಂ.ಎಸ್ಸಿ. ಮುಗಿಸಿ ಉಪನ್ಯಾಸಕಿಯಾದವರು ಡ್ಯೂಟಿಯಿಂದ ದೂರವಾಗಿಬಿಡುತ್ತಾರೆ. ಪೋಸ್ಟಿಂಗ್‌ಗೆ ವಿದ್ಯಾರ್ಥಿಗಳನ್ನು ಕರೆತಂದು, ಹಾಜರಿ ಹಾಕಿ, ಲಾಗ್‌ಬುಕ್ಕಿಗೆ ಸಹಿ ಮಾಡುವುದಷ್ಟೇ ಹಲವರ ಪಾಲಿಗೆ ಉಳಿಯುತ್ತದೆ. ಇದು ಅವರ ತಪ್ಪಲ್ಲ. ಕಾಲೇಜಿಗೆ ಅವರಿಂದ ಬೇಕಾದದ್ದು ತರಗತಿ ಮತ್ತು ಫಲಿತಾಂಶ. ಆಸ್ಪತ್ರೆಗೆ ಅವರು ಹೊರಗಿನವರು. ಬಡ್ತಿ ಎಂದರೆ ವಾರ್ಡ್ ಬಿಡುವುದು ಎಂಬ ರೂಢಿಯನ್ನು ನಾವೇ ಬೆಳೆಸಿದ್ದೇವೆ. ಇತ್ತ, ಕ್ಯಾನುಲಾ ಹಾಕುವಾಗ ವಿದ್ಯಾರ್ಥಿನಿಯ ನಡುಗುವ ಕೈಯನ್ನು ಹಿಡಿದು ತಿದ್ದುವವರು ಮೂವತ್ತು ರೋಗಿಗಳ ನಡುವೆ ಓಡಾಡುತ್ತಿರುವ ಹಿರಿಯ ಸಿಸ್ಟರ್. ಆಕೆಗೆ ಶಿಕ್ಷಕಿಯೆಂಬ ಹೆಸರೂ ಇಲ್ಲ, ಅದಕ್ಕೆಂದು ಸಂಬಳವೂ ಇಲ್ಲ.

ತೀವ್ರ ನಿಗಾ ಘಟಕಕ್ಕೆಂದು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕೋರ್ಸು ವಾರ್ಡಿನಲ್ಲಿದ್ದುಕೊಂಡೇ ಕಲಿಯುವಂಥದ್ದು. ವೆಂಟಿಲೇಟರ್ ಮುಟ್ಟಿ ವರ್ಷಗಳಾದವರು ಅದನ್ನು ಕಲಿಸಲಾರರು. ಈ ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಅದರಡಿಯ ನಿಯಮಗಳಲ್ಲಿ ಎರಡು ಮಾತು ಸೇರಲಿ: ಪ್ರತಿ ನರ್ಸಿಂಗ್ ಶಿಕ್ಷಕಿ, ಶಿಕ್ಷಕ ವಾರಕ್ಕೆ ಎರಡು ದಿನವಾದರೂ ರೋಗಿಗಳ ಹೊಣೆ ಹೊತ್ತು ಡ್ಯೂಟಿ ಮಾಡಲಿ, ಬಡ್ತಿಗೆ ಅದು ಲೆಕ್ಕಕ್ಕೆ ಬರಲಿ. ವಾರ್ಡಿನಲ್ಲಿ ಕಲಿಸುತ್ತಿರುವ ಹಿರಿಯ ಶುಶ್ರೂಷಾಧಿಕಾರಿಗಳಿಗೆ ಬೋಧಕರ ಸ್ಥಾನ ಸಿಗಲಿ, ಅದಕ್ಕೆ ತಕ್ಕ ಭತ್ಯೆಯೂ ಸಿಗಲಿ.